ಬಿಇ ಮೊದಲ ವರ್ಷದಲ್ಲಿ ಇದ್ದುಕೊಂಡೇ ಬೇರೆ ಕಡೆ ಗಣಿತ ಡಿಗ್ರಿಗೆ ಅರ್ಜಿ ಹಾಕಬಹುದಾ? ಕಾಲೇಜಿಗೆ ಹೇಳಬೇಕಾ?

ಶಿಗ್ಗಾವಿ_ಹುಡುಗಿ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿಇ ಎಲೆಕ್ಟ್ರಾನಿಕ್ಸ್ ಮೊದಲ ವರ್ಷ ಓದುತ್ತಿದ್ದೇನೆ. ವಿಟಿಯು ಕಾಲೇಜು, ಸಿಇಟಿಯಲ್ಲಿ ಸಿಕ್ಕ ಸರ್ಕಾರಿ ಕೋಟಾ ಸೀಟು. ಮೊದಲ ಸೆಮ್ ಪರೀಕ್ಷೆ ಈಗಷ್ಟೇ ಮುಗಿಯಿತು. ಪಿ ಸೈಕಲ್ (ಭೌತಶಾಸ್ತ್ರ ಇರೋ ಸೆಮ್) ಆಯ್ತು, ಇನ್ನು ಸಿ ಸೈಕಲ್ (ರಸಾಯನಶಾಸ್ತ್ರ ಇರೋದು).

ಓದೋಕೆ ಕಷ್ಟ ಅಂತ ಓಡಿಹೋಗ್ತಿಲ್ಲ. ಇಂಟರ್ನಲ್ಸ್ ಅಂಕ ಚೆನ್ನಾಗೇ ಇವೆ. ಆದರೆ ನನಗೆ ಬೇಕಿರೋದು ಗಣಿತ. ಇಲ್ಲಿ ಮ್ಯಾಥ್ಸ್ ಅಂದ್ರೆ ಸೂತ್ರಕ್ಕೆ ಬೆಲೆ ಹಾಕಿ ಉತ್ತರ ತೆಗೆಯೋದು ಅಷ್ಟೇ. ಅದು ಯಾಕೆ ಹಾಗೆ ಅಂತ ಕೇಳಿದರೆ "ಪರೀಕ್ಷೆಗೆ ಬರಲ್ಲಮ್ಮ, ಬಿಡು" ಅನ್ನುತ್ತಾರೆ. ಪಿಯುಸಿಯಲ್ಲಿ ನಮ್ಮ ಲೆಕ್ಚರರ್ ಒಬ್ಬರು ಐಎಸ್‌ಐ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಬೆಂಗಳೂರಿನ ಬಿ.ಮ್ಯಾಥ್ ಅನ್ನೋ ಗಣಿತ ಡಿಗ್ರಿ ಬಗ್ಗೆ ಹೇಳಿದ್ದರು. ಆಗ ಮನೆಯಲ್ಲಿ ಇಂಜಿನಿಯರಿಂಗ್ ಬಿಟ್ಟು ಬೇರೆ ಮಾತೇ ಇರಲಿಲ್ಲ.

ಈಗ ಐಎಸ್‌ಐ, ಚೆನ್ನೈನ ಸಿಎಂಐ (ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್), ಜೊತೆಗೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ ಬರೆಯಬೇಕು ಅಂತಿದ್ದೇನೆ. ಬೇರೆ ಕಡೆ ಓದುತ್ತಿರುವವರು ಅರ್ಜಿ ಹಾಕಬಹುದಾ? ಈಗಲೇ ಕಾಲೇಜಿಗೆ ಹೇಳಬೇಕಾ? ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಲ್ಲ ಕಾಲೇಜಿನಲ್ಲೇ ಇವೆ. ಬಿಟ್ಟು ಹೋದರೆ ಉಳಿದ ವರ್ಷಗಳ ಫೀಸ್ ಕೇಳ್ತಾರೆ ಅಂತ ಹಾಸ್ಟೆಲ್‌ನಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ. ಅಪ್ಪ ಬ್ಯಾಂಕಿನಿಂದ ಶಿಕ್ಷಣ ಸಾಲ ತೆಗೆದಿದ್ದಾರೆ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಮೂರನೇ_ಸೆಮ್
ಅರ್ಜಿ ಹಾಕೋಕೆ ಯಾರ ಅನುಮತಿಯೂ ಬೇಡ. ಹಾಕಿ ಸುಮ್ನೆ. ಸೀಟ್ ಸಿಕ್ಕ ಮೇಲೆ ಉಳಿದದ್ದು ನೋಡಿಕೊಂಡರಾಯ್ತು.

ತುಂಗಾತೀರ
ನೋಡಮ್ಮ, ನನ್ನ ಮಗನೂ ನಿನ್ನ ವಯಸ್ಸಿನವನೇ. ಸರ್ಕಾರಿ ಕೋಟಾದಲ್ಲಿ ಎಲೆಕ್ಟ್ರಾನಿಕ್ಸ್ ಸಿಗೋದು ಅಷ್ಟು ಸುಲಭ ಅಲ್ಲ. ಸಿಕ್ಕಿದ್ದನ್ನು ಬಿಟ್ಟು ಗಣಿತ ಓದಿ ಏನು ಮಾಡ್ತೀಯ? ಬಿಇ ಮುಗಿಸು, ಆಮೇಲೆ ಗಣಿತದಲ್ಲಿ ಎಂಎಸ್ಸಿ ಮಾಡಬಹುದಲ್ಲ. ಮೊದಲ ಸೆಮ್‌ನಲ್ಲಿ ಎಲ್ಲರಿಗೂ ಬೇಜಾರಾಗುತ್ತೆ, ಆಮೇಲೆ ಹೊಂದಿಕೊಳ್ಳುತ್ತೆ.

ಬೆಂದಕಾಳೂರು
ಶುರುವಾಯ್ತು "ಗಣಿತ ಓದಿ ಏನು ಮಾಡ್ತೀಯ".

ತುಂಗಾತೀರ
@ಬೆಂದಕಾಳೂರು ಕೇಳಬೇಕಾದ ಪ್ರಶ್ನೆಯೇ ಅದು. ಸಾಲ ಇರೋದು ಅವರಪ್ಪನ ಹೆಸರಲ್ಲಿ. ನೀವು ಕಟ್ಟುತ್ತೀರಾ?

ಲೆಕ್ಕದ_ಮೇಷ್ಟ್ರು
ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮೊದಲು ಹುಡುಗಿಯ ಪ್ರಶ್ನೆಗೆ ಉತ್ತರ. ಐಎಸ್‌ಐ ಬಿ.ಮ್ಯಾಥ್ ಪ್ರವೇಶಕ್ಕೆ ಬೇಕಿರುವುದು ದ್ವಿತೀಯ ಪಿಯುಸಿಯಲ್ಲಿ ಗಣಿತ ಮತ್ತು ಇಂಗ್ಲಿಷ್. ಈಗ ನೀವು ಎಲ್ಲಿ ಓದುತ್ತಿದ್ದೀರಿ ಅನ್ನುವುದು ಪರೀಕ್ಷೆಗೆ ಅಡ್ಡಿ ಅಲ್ಲ. ಮೊದಲ ವರ್ಷ ಇಂಜಿನಿಯರಿಂಗ್ ಬಿಟ್ಟು ಅಲ್ಲಿಗೆ ಹೋದವರು ಇದ್ದಾರೆ.

ಪರೀಕ್ಷೆ ಮೇ ತಿಂಗಳಲ್ಲಿ. ಒಂದೇ ದಿನ ಎರಡು ಪತ್ರಿಕೆ, ತಲಾ ಎರಡು ಗಂಟೆ. ಬೆಳಗ್ಗೆ 30 ಬಹು ಆಯ್ಕೆ ಪ್ರಶ್ನೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ ಸೊನ್ನೆ, ಬರೆಯದೆ ಬಿಟ್ಟರೆ 1 ಅಂಕ. ಹೌದು, ಬಿಟ್ಟರೂ 1 ಅಂಕ ಕೊಡುತ್ತಾರೆ. ಹಾಗಾಗಿ ಸಿಇಟಿ ಥರ ಗೊತ್ತಿಲ್ಲದ್ದಕ್ಕೂ ಗುರುತು ಹಾಕುತ್ತಾ ಹೋದರೆ ಲಾಭವೇನೂ ಇಲ್ಲ. ಮಧ್ಯಾಹ್ನ 8 ಪ್ರಶ್ನೆ, ಎಲ್ಲವೂ ವಿವರವಾಗಿ ಬಿಡಿಸುವಂಥವು. ಅದರಲ್ಲಿ ಪಾಸಾದವರಿಗೆ ಸಂದರ್ಶನ.

ಸಿಇಟಿ ತಯಾರಿ ಇಲ್ಲಿ ಸಾಲದು. ಅಲ್ಲಿ ಒಂದು ಪ್ರಶ್ನೆಗೆ ಒಂದು ನಿಮಿಷ ಚಿಲ್ಲರೆ. ಇಲ್ಲಿ ಒಂದೇ ಪ್ರಶ್ನೆ ಹಿಡಿದು ಅರ್ಧ ಗಂಟೆ ಕೂರುವ ತಾಳ್ಮೆ ಬೇಕು. ಅಷ್ಟು ಕಷ್ಟದ್ದಲ್ಲ, ಆದರೂ ರುಚಿ ನೋಡಲು ಒಂದು: ಯಾವುದಾದರೂ ಧನ ಪೂರ್ಣಾಂಕ ತೆಗೆದುಕೊಳ್ಳಿ. ಅದರ ವರ್ಗಕ್ಕೆ ಅದನ್ನೇ ಕೂಡಿಸಿ, ಮೇಲೆ 1 ಸೇರಿಸಿ. ಬರುವ ಸಂಖ್ಯೆ ಎಂದಿಗೂ ಪೂರ್ಣ ವರ್ಗ ಆಗುವುದಿಲ್ಲ ಅಂತ ಸಾಧಿಸಿ. ನಾಲ್ಕು ಉದಾಹರಣೆ ತೋರಿಸಿದರೆ ಅಂಕ ಇಲ್ಲ.

@ತುಂಗಾತೀರ ಸರ್, ನಿಮ್ಮ ಆತಂಕ ಅರ್ಥವಾಗುತ್ತೆ. ಆದರೆ ಬಿಇ ಮುಗಿಸಿದವರಿಗೆ ಗಣಿತ ಎಂಎಸ್ಸಿ ಬಾಗಿಲು ಎಲ್ಲ ಕಡೆ ತೆರೆದಿರಲ್ಲ. ಬಿಎಸ್ಸಿಯಲ್ಲಿ ಗಣಿತ ಓದಿರಬೇಕು ಅಂತ ಕೇಳುವ ವಿಶ್ವವಿದ್ಯಾಲಯಗಳೇ ಜಾಸ್ತಿ.

ಮೂರನೇ_ಸೆಮ್
ಮೇಷ್ಟ್ರೇ, 1 ಹಾಕಿ ನೋಡಿದೆ, 3 ಬಂತು. 2 ಹಾಕಿದೆ, 7. 5 ಹಾಕಿದೆ, 31. ಯಾವುದೂ ವರ್ಗ ಅಲ್ಲ ನಿಜ. ಸಾಧಿಸೋದು ಹೇಗೆ ಅಂತ ಗೊತ್ತಾಗ್ತಿಲ್ಲ.

ಶಿಗ್ಗಾವಿ_ಹುಡುಗಿ
ಬಂದ ಸಂಖ್ಯೆ ಮೂಲ ಸಂಖ್ಯೆಯ ವರ್ಗಕ್ಕಿಂತ ದೊಡ್ಡದು. ಆದರೆ ಅದರ ಮುಂದಿನ ಸಂಖ್ಯೆಯ ವರ್ಗಕ್ಕಿಂತ ಚಿಕ್ಕದು. ನಿಮ್ಮ 31 ಅನ್ನೇ ನೋಡಿ, 25 ಮತ್ತು 36ರ ನಡುವೆ ಇದೆ. ಒಂದರ ಪಕ್ಕ ಒಂದು ಇರೋ ಎರಡು ವರ್ಗಗಳ ನಡುವೆ ಇನ್ನೊಂದು ವರ್ಗ ಬರೋಕೆ ಸಾಧ್ಯ ಇಲ್ಲ. ಯಾವ ಸಂಖ್ಯೆ ತಗೊಂಡರೂ ಹೀಗೇ ಆಗುತ್ತೆ, ಯಾಕಂದ್ರೆ ಮುಂದಿನ ವರ್ಗಕ್ಕೆ ಹೋಗಬೇಕಾದರೆ ಆ ಸಂಖ್ಯೆಯನ್ನು ಎರಡು ಸಲ ಕೂಡಿಸಬೇಕು, ನಾವು ಒಂದೇ ಸಲ ಕೂಡಿಸಿದ್ದೇವೆ.

ಲೆಕ್ಕದ_ಮೇಷ್ಟ್ರು
ಶಭಾಷ್. ಕೊನೆಯ ಸಾಲು ಬರೆದಿದ್ದಕ್ಕೆ ಪೂರ್ತಿ ಅಂಕ. ಅರ್ಜಿ ಹಾಕಮ್ಮ.

ಕಚೇರಿ_ಕಡತ
ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಆಫೀಸಿನಲ್ಲಿ ಅಡ್ಮಿಷನ್ ವಿಭಾಗ ನೋಡಿಕೊಳ್ಳುತ್ತಿದ್ದೆ, ಈಗ ನಿವೃತ್ತ. ಕಾಗದಪತ್ರದ ವಿಷಯ ಹೇಳುತ್ತೇನೆ, ಯಾಕಂದ್ರೆ ಮಕ್ಕಳು ಎಡವೋದು ಇಲ್ಲೇ.

ಅರ್ಜಿ ಹಾಕುವಾಗ ಒರಿಜಿನಲ್ ಬೇಡ. ಸ್ಕ್ಯಾನ್ ಸಾಕು. ಡಿಜಿಲಾಕರ್‌ನಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿ ಇದ್ದರೆ ಅದನ್ನೂ ಇಳಿಸಿಟ್ಟುಕೊಳ್ಳಿ. ಸಂದರ್ಶನಕ್ಕೋ ದಾಖಲೆ ಪರಿಶೀಲನೆಗೋ ಕರೆ ಬಂದು, ಒರಿಜಿನಲ್ ಕಾಲೇಜಿನಲ್ಲೇ ಇದ್ದರೆ "ಕಸ್ಟೋಡಿಯನ್ ಸರ್ಟಿಫಿಕೇಟ್" ಕೇಳಿ ಪಡೆಯಿರಿ. "ಈ ವಿದ್ಯಾರ್ಥಿನಿಯ ಇಂತಿಂಥ ಮೂಲ ದಾಖಲೆಗಳು ನಮ್ಮ ಸುಪರ್ದಿಯಲ್ಲಿವೆ" ಅಂತ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪ್ರಾಂಶುಪಾಲರ ಸಹಿ, ಸೀಲು ಹಾಕಿ ಕೊಡುತ್ತಾರೆ. ದಾಖಲೆಯ ಹೆಸರಿನ ಜೊತೆ ಅದರ ರಿಜಿಸ್ಟರ್ ನಂಬರೂ ಬರೆಸಿ. ಬರೀ "ಮಾರ್ಕ್ಸ್ ಕಾರ್ಡ್" ಅಂತ ಬರೆದರೆ ಆ ಕಡೆಯವರು ಒಪ್ಪದೆ ವಾಪಸ್ ಕಳಿಸಿದ್ದನ್ನು ನೋಡಿದ್ದೇನೆ.

ಸೀಟು ಖಚಿತವಾದ ಮೇಲೆ ಬೇಕಿರುವುದು ಟಿಸಿ. ಕೊನೆಗೆ ಓದಿದ ಕಾಲೇಜಿನ ಟಿಸಿಯನ್ನೇ ಕೇಳುತ್ತಾರೆ. ಅದಕ್ಕೆ ಮೊದಲು ನೋ ಡ್ಯೂ ಫಾರಂ. ಲೈಬ್ರರಿ, ಪ್ರತಿ ಲ್ಯಾಬ್, ಹಾಸ್ಟೆಲ್, ಕ್ರೀಡಾ ವಿಭಾಗ, ಅಕೌಂಟ್ಸ್, ಎಲ್ಲರ ಸಹಿ. ಯಾವುದೋ ಲ್ಯಾಬ್‌ನ ಸಹಾಯಕರು ರಜೆಯಲ್ಲಿದ್ದರೆ ಫಾರಂ ಅಲ್ಲೇ ನಿಲ್ಲುತ್ತೆ. ಲೈಬ್ರರಿ ಪುಸ್ತಕಗಳನ್ನು ಏಪ್ರಿಲ್‌ಗೇ ವಾಪಸ್ ಮಾಡಿಬಿಡಿ. ಹೊರರಾಜ್ಯಕ್ಕೆ ಹೋಗುವುದಾದರೆ ವಲಸೆ ಪ್ರಮಾಣಪತ್ರವನ್ನೂ ಕೇಳುತ್ತಾರೆ.

ಈಗಲೇ ಕಾಲೇಜಿಗೆ ಹೇಳಬೇಕಾ ಅಂದರೆ, ಬೇಡ. ಅರ್ಜಿ ಹಾಕೋದು ನಿಮ್ಮ ಸ್ವಂತ ವಿಷಯ.

ಅಡಿಕೆ_ತೋಟ
ಇಷ್ಟೆಲ್ಲ ರಗಳೆ ಯಾಕೆ? ಒಂದು ವರ್ಷ ಗ್ಯಾಪ್ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಕೊಡಿ. ಎಲ್ಲೂ ಸೇರಿರಲಿಲ್ಲ ಅಂದುಬಿಡಿ. ನಮ್ಮ ಊರಲ್ಲಿ ಹೀಗೆ ಮಾಡಿದವರು ಇದ್ದಾರೆ.

ಕಚೇರಿ_ಕಡತ
@ಅಡಿಕೆ_ತೋಟ ದಯವಿಟ್ಟು ಇಂಥ ಸಲಹೆ ಮಕ್ಕಳಿಗೆ ಕೊಡಬೇಡಿ. ಅಫಿಡವಿಟ್ ಅಂದ್ರೆ ಪ್ರಮಾಣ ಮಾಡಿ ಹೇಳಿದ ಮಾತು. ಸುಳ್ಳು ಅಂತ ಗೊತ್ತಾದರೆ ಮೂರನೇ ವರ್ಷದಲ್ಲಿದ್ದರೂ ಪ್ರವೇಶ ರದ್ದು ಮಾಡುವ ಅಧಿಕಾರ ಅವರಿಗಿರುತ್ತೆ. ಹುಡುಗಿಗೆ ವಿಟಿಯು ಯುಎಸ್‌ಎನ್ (ನೋಂದಣಿ ಸಂಖ್ಯೆ) ಇದೆ, ಪರೀಕ್ಷೆ ಬರೆದಿದ್ದಾಳೆ, ಫಲಿತಾಂಶ ಬರುತ್ತೆ. ಅಪಾರ್ ಐಡಿ (ವಿದ್ಯಾರ್ಥಿಗೊಂದು ಗುರುತಿನ ಸಂಖ್ಯೆ), ಓದಿದ ಕ್ರೆಡಿಟ್‌ಗಳನ್ನು ದಾಖಲಿಸುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂದ ಮೇಲೆ ಯಾರು ಎಲ್ಲಿ ಓದಿದ್ದಾರೆ ಅಂತ ಮುಚ್ಚಿಡೋಕೆ ಆಗಲ್ಲ.

ಅಡಿಕೆ_ತೋಟ
ಮೊದಲೆಲ್ಲ ನಡೀತಿತ್ತು ಅಂತ ಹೇಳಿದೆ. ಈಗಿನ ವ್ಯವಸ್ಥೆ ಹಾಗಿದ್ರೆ ಸರಿ.

ಬೆಂದಕಾಳೂರು
ಮೊದಲು ನಡೀತಿದ್ದರೂ ಸುಳ್ಳು ಸುಳ್ಳೇ ಅಲ್ವಾ? ಮೊದಲ ವರ್ಷ ಓದಿ ಬಿಟ್ಟೆ ಅನ್ನೋದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ? ಸಂದರ್ಶನದಲ್ಲಿ ಕೇಳಿದರೆ ನೆಟ್ಟಗೆ ಹೇಳಿ. ಇಂಜಿನಿಯರಿಂಗ್ ನೋಡಿದೆ, ಗಣಿತವೇ ಬೇಕು ಅಂತ ಬಂದೆ ಅನ್ನೋದು ಒಳ್ಳೆಯ ಉತ್ತರವೇ.

ಕರಾವಳಿ_ಕಾನೂನು
ಫೀಸ್ ವಿಷಯಕ್ಕೆ ಬರೋಣ. ಹಾಸ್ಟೆಲ್‌ನಲ್ಲಿ ಹಬ್ಬಿರೋ ಭಯ ಪೂರ್ತಿ ಸುಳ್ಳಲ್ಲ. ಪ್ರವೇಶದ ದಿನ ಛಾಪಾ ಕಾಗದದ ಮೇಲೆ "ಮಧ್ಯದಲ್ಲಿ ಬಿಟ್ಟರೆ ಉಳಿದ ವರ್ಷಗಳ ಶುಲ್ಕ ಕಟ್ಟುತ್ತೇನೆ" ಅಂತ ಬರೆಸಿಕೊಳ್ಳುವ ಕಾಲೇಜುಗಳಿವೆ. ಆದರೆ ತಾಂತ್ರಿಕ ಕಾಲೇಜುಗಳಿಗೆ ಅನುಮೋದನೆ ಕೊಡುವ ಎಐಸಿಟಿಇಯ ನಿಯಮ ಇದಕ್ಕೆ ವಿರುದ್ಧ. ವಿದ್ಯಾರ್ಥಿ ಯಾವ ಹಂತದಲ್ಲಿ ಬಿಟ್ಟರೂ ಮುಂದಿನ ವರ್ಷಗಳ ಶುಲ್ಕ ಕೇಳುವಂತಿಲ್ಲ ಅಂತ ಅವರ ಅನುಮೋದನಾ ಕೈಪಿಡಿಯಲ್ಲೇ ಇದೆ. ಶುಲ್ಕ ಬಾಕಿ ಅಂತ ಮೂಲ ದಾಖಲೆ ಒತ್ತೆ ಇಟ್ಟುಕೊಳ್ಳುವಂತೆಯೂ ಇಲ್ಲ. ಯುಜಿಸಿ ಕೂಡ 2018ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿ, ಒರಿಜಿನಲ್ ನೋಡಿ ಪರಿಶೀಲಿಸಿ ಅಲ್ಲೇ ವಾಪಸ್ ಕೊಡಬೇಕು ಅಂತ ಹೇಳಿದೆ.

ಕಟ್ಟಿದ ಫೀಸ್ ವಾಪಸ್ ಬರುತ್ತಾ ಅಂದ್ರೆ, ಈಗ ಬರಲ್ಲ. ಆ ಯುಜಿಸಿ ಅಧಿಸೂಚನೆ ಪ್ರಕಾರವೂ ಪ್ರವೇಶದ ಕೊನೆಯ ದಿನಾಂಕ ಕಳೆದು 15 ದಿನದೊಳಗೆ ಬಿಟ್ಟರೆ 80%, 30 ದಿನದೊಳಗೆ 50%, ಆಮೇಲೆ ಏನೂ ಇಲ್ಲ. ಜನವರಿಗೆ ಬಂದಾಯ್ತಲ್ಲ, ಈ ವರ್ಷದ್ದು ಮುಗಿದ ಲೆಕ್ಕ.

ಗುಡ್ಡದ_ಮನೆ
ನಿಯಮ ಓದೋಕೆ ಚೆಂದ. ನನ್ನ ತಂಗಿ ಬಿಟ್ಟಾಗ ಆ ಕಾಲೇಜಿನ ಅಕೌಂಟ್ಸ್‌ನವರು ಎರಡನೇ ವರ್ಷದ ಫೀಸ್ ಕಟ್ಟದೆ ಟಿಸಿ ಮುಟ್ಟಲ್ಲ ಅಂತ ಹಟ ಹಿಡಿದರು. ಅಪ್ಪ ಕೌಂಟರ್ ಮುಂದೆ ಕೈಮುಗಿದು ನಿಂತಿದ್ದರು. ಬಾಯಿಮಾತಲ್ಲಿ ಏನೂ ಕೆಲಸ ಆಗಲ್ಲ. ಆಮೇಲೆ ಎಐಸಿಟಿಇ ನಿಯಮದ ಪುಟ ಪ್ರಿಂಟ್ ತೆಗೆದು, ಅದನ್ನು ಲಗತ್ತಿಸಿ ಪ್ರಾಂಶುಪಾಲರಿಗೆ ಅರ್ಜಿ ಬರೆದು, ಟಪಾಲು ವಿಭಾಗದಲ್ಲಿ ಕೊಟ್ಟು ನಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆವು. ಸೀಲು ಬಿದ್ದ ಮೇಲೆ ಅವರ ದನಿಯೇ ಬದಲಾಯ್ತು. ಟಿಸಿ ಕೊಟ್ಟರು.

ಕರಾವಳಿ_ಕಾನೂನು
@ಗುಡ್ಡದ_ಮನೆ ನೀವು ಮಾಡಿದ್ದು ಸರಿಯಾದ ದಾರಿ. ಸ್ವೀಕೃತಿ ಸೀಲು ಇಲ್ಲದ ಅರ್ಜಿ ಅರ್ಜಿಯೇ ಅಲ್ಲ. ಅದಕ್ಕೂ ಬಗ್ಗದಿದ್ದರೆ ಎಐಸಿಟಿಇಯ ದೂರು ಪೋರ್ಟಲ್‌ನಲ್ಲಿ ಹಾಕಬೇಕು, ವಿಶ್ವವಿದ್ಯಾಲಯದ ಕುಲಸಚಿವರಿಗೂ ಒಂದು ಪ್ರತಿ ಕಳಿಸಬೇಕು.

ಸಿವಿಲ್_ಹುಡುಗ
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಸಿವಿಲ್ ಮೊದಲ ವರ್ಷ. ಮತ್ತೆ ಸಿಇಟಿ ಬರೆದು ಕಂಪ್ಯೂಟರ್ ಸೈನ್ಸ್ ಹಿಡಿಯಬಹುದಾ?

ಮೂರನೇ_ಸೆಮ್
ಬರೆಯಬಹುದು. ಆದರೆ ರ‍್ಯಾಂಕ್‌ನಲ್ಲಿ ಅರ್ಧ ಪಿಯುಸಿಯ ಪಿಸಿಎಂ ಅಂಕ, ಅರ್ಧ ಸಿಇಟಿ. ಪಿಯುಸಿಯಲ್ಲಿ ಕಡಿಮೆ ಇದ್ದರೆ ಸಿಇಟಿಯಲ್ಲಿ ಎಷ್ಟು ಎಳೆದರೂ ಒಂದು ಮಟ್ಟದ ಮೇಲೆ ಹೋಗಲ್ಲ. ಕಾಲೇಜಿನ ಒಳಗೇ ಬ್ರಾಂಚ್ ಬದಲಾವಣೆಗೆ ಪ್ರಯತ್ನ ಮಾಡಿ. ಮೊದಲ ವರ್ಷದ ಸಿಜಿಪಿಎ ಚೆನ್ನಾಗಿದ್ದು, ಸೀಟು ಖಾಲಿ ಇದ್ದರೆ ಎರಡನೇ ವರ್ಷದ ಶುರುವಿನಲ್ಲಿ ಆಗುತ್ತೆ.

ಕಚೇರಿ_ಕಡತ
ಅದರ ಜೊತೆ ಒಂದು ಎಚ್ಚರಿಕೆ. ಸಿಇಟಿ ನಡೆಸುವ ಕೆಇಎ, 2024ರ ಸೀಟ್ ಬ್ಲಾಕಿಂಗ್ (ಸೇರದೆ ಸೀಟು ಹಿಡಿದಿಡೋದು) ಪ್ರಕರಣದ ನಂತರ ಬಹಳ ಬಿಗಿಯಾಗಿದೆ. ಮಲ್ಲೇಶ್ವರಂ ಪೊಲೀಸರಿಗೆ ದೂರು ಕೊಡುವವರೆಗೂ ಹೋಯಿತು. ಓದುತ್ತಿರುವವರು ಮತ್ತೆ ಬರೆಯೋದಾದರೆ ಆ ವರ್ಷದ ಮಾಹಿತಿ ಪುಸ್ತಕ ಪೂರ್ತಿ ಓದಿ. ಸೇರುವ ಮನಸ್ಸಿಲ್ಲದೆ ಆಪ್ಷನ್ ಎಂಟ್ರಿಯಲ್ಲಿ ಕಾಲೇಜು ತುಂಬಬೇಡಿ. ನೀವು ಹಿಡಿದಿಟ್ಟ ಸೀಟು ಇನ್ನೊಬ್ಬ ಬಡ ಹುಡುಗನದ್ದು.

ಸಿವಿಲ್_ಹುಡುಗ
ಸರಿ ಸರ್. 2024ರ ಥರ ಪಠ್ಯಕ್ಕೆ ಹೊರತಾದ ಪ್ರಶ್ನೆ ಬರಲ್ಲ ತಾನೆ? ನಮ್ಮಣ್ಣ ಆ ವರ್ಷ ಬರೆದಿದ್ದ. ಒಟ್ಟು 50 ಪ್ರಶ್ನೆ ಕೈಬಿಟ್ಟರು. ಅವನು ಆ ಪ್ರಶ್ನೆಗಳ ಮೇಲೇ ಟೈಮ್ ಕಳೆದಿದ್ದ.

ಬೆಂದಕಾಳೂರು
ಅದು ಘೋರ ಅನ್ಯಾಯ. ಅಂಕ ತೆಗೆದುಹಾಕಬಹುದು, ಪರೀಕ್ಷೆ ಹಾಲ್‌ನಲ್ಲಿ ಹೋದ ಸಮಯ ವಾಪಸ್ ಬರುತ್ತಾ?

ನಿರ್ವಾಹಕ
ಸಿಇಟಿಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಮೂಲ ಪ್ರಶ್ನೆಗೆ ಬನ್ನಿ.

ಎಚ್‌ಸಿಯು_ಹಳಬ
ಮೂಲ ಪ್ರಶ್ನೆಗೇ ಬರ್ತೀನಿ. ಎಲ್ಲರೂ ಐಎಸ್‌ಐ ಅಂತಿದ್ದೀರಿ. ಅದು ಒಂದೇ ದಿನದ ಪರೀಕ್ಷೆ, ಸೀಟು ಕಡಿಮೆ, ದೇಶದ ಒಲಿಂಪಿಯಾಡ್ ಹುಡುಗರೆಲ್ಲ ಅಲ್ಲಿಗೇ ಬರ್ತಾರೆ. ಅದೊಂದನ್ನೇ ನಂಬಿ ಕೂರಬೇಡಿ. ಸಿಯುಇಟಿ ಬರೆಯಿರಿ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ ಅದರ ಮೇಲೇ ನಿಂತಿದೆ. ವಯಸ್ಸಿನ ಮಿತಿ ಇಲ್ಲ. ಹೈದರಾಬಾದ್ ಸೆಂಟ್ರಲ್ ಯೂನಿವರ್ಸಿಟಿಯಲ್ಲಿ ಗಣಿತ, ಭೌತಶಾಸ್ತ್ರಕ್ಕೆ 5 ವರ್ಷದ ಇಂಟಿಗ್ರೇಟೆಡ್ ಎಂಎಸ್ಸಿ ಇದೆ. ನಾನು ಓದಿದ್ದು ಅಲ್ಲೇ. ಫೀಸ್ ನಿಮ್ಮ ಈಗಿನ ಫೀಸ್‌ನ ಹತ್ತಿರಕ್ಕೂ ಬರಲ್ಲ. ದೆಹಲಿ ವಿಶ್ವವಿದ್ಯಾಲಯ, ಬಿಎಚ್‌ಯು, ಕಲಬುರಗಿ ಹತ್ತಿರ ಕಡಗಂಚಿಯಲ್ಲಿರೋ ನಮ್ಮದೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಎಲ್ಲದಕ್ಕೂ ಒಂದೇ ಪರೀಕ್ಷೆ. ನಮ್ಮ ಬ್ಯಾಚ್‌ನಲ್ಲೂ ಬಿಟೆಕ್ ಬಿಟ್ಟು ಬಂದವರು ಇದ್ದರು. ಯಾರೂ ಅವರನ್ನು ಬೇರೆ ಥರ ನೋಡಲಿಲ್ಲ.

ಒಂದು ಮಾತು. ಸಿಯುಇಟಿ ಬರೆದರೆ ಸಾಲದು. ಪ್ರತಿ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಬೇರೆ ಬೇರೆಯಾಗಿ ನೋಂದಣಿ ಮಾಡಬೇಕು. ಯಾವ ಕೋರ್ಸ್‌ಗೆ ಯಾವ ವಿಷಯದ ಪತ್ರಿಕೆ ಬೇಕು ಅಂತ ಮೊದಲೇ ನೋಡಿ ಆರಿಸಿ. ಗಣಿತ ಬರೆದು, ಕಡ್ಡಾಯ ಇದ್ದ ಭಾಷಾ ಪತ್ರಿಕೆ ಬಿಟ್ಟು ಅವಕಾಶ ಕಳೆದುಕೊಂಡವರು ಪ್ರತಿ ವರ್ಷ ಸಿಗ್ತಾರೆ.

ಹೊಸಪೇಟೆ_ಬಸ್ಸು
ಸಿಯುಇಟಿ ಕನ್ನಡದಲ್ಲಿ ಬರೆಯಬಹುದು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. 13 ಭಾಷೆಯಲ್ಲಿ ಕನ್ನಡವೂ ಇದೆ.

ಎಚ್‌ಸಿಯು_ಹಳಬ
ಇದೆ, ನಿಜ. ಆದರೆ ಹೋದ ಮೇಲೆ ಪಾಠ ಇಂಗ್ಲಿಷ್‌ನಲ್ಲೇ. ಅದಕ್ಕೆ ಈಗಿನಿಂದಲೇ ತಯಾರಿ ಬೇಕು.

ಶಿಗ್ಗಾವಿ_ಹುಡುಗಿ
ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮಾಧ್ಯಮ. ಪಿಯುಸಿಯಿಂದ ಇಂಗ್ಲಿಷ್. ಈಗ ತೊಂದರೆ ಇಲ್ಲ ಅಣ್ಣ, ಅರ್ಥ ಆಗುತ್ತೆ. ಎಲ್ಲರಿಗೂ ತುಂಬಾ ಧನ್ಯವಾದ. ಇಲ್ಲಿ ಓದಿರೋ ಈ ಒಂದು ವರ್ಷದ ಕ್ರೆಡಿಟ್ ಅಲ್ಲಿ ಸೇರಿಸಿಕೊಳ್ತಾರಾ? ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಮೇಲೆ ಹೇಳಿದರಲ್ಲ.

ಲೆಕ್ಕದ_ಮೇಷ್ಟ್ರು
ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಬಿಇಯಿಂದ ಬಿ.ಮ್ಯಾಥ್‌ಗೆ ಹೋದರೆ ಮತ್ತೆ ಮೊದಲ ವರ್ಷವೇ. ಕ್ರೆಡಿಟ್ ದಾಖಲೆಯಲ್ಲಿ ಇರುತ್ತೆ, ಆದರೆ ತೆಗೆದುಕೊಳ್ಳೋದು ಬಿಡೋದು ಸೇರುವ ಸಂಸ್ಥೆಯ ಕೈಯಲ್ಲಿ. ಬಿ.ಮ್ಯಾಥ್ 3 ವರ್ಷದ್ದು. ಅಲ್ಲಿಗೆ ಹೋದರೆ ನಿಮ್ಮ ಬಿಇ ಜೊತೆಯವರು ಮುಗಿಸೋ ವರ್ಷವೇ ನೀವೂ ಡಿಗ್ರಿ ಮುಗಿಸ್ತೀರಿ. ವರ್ಷ ಹಾಳಾಯ್ತು ಅಂತ ಮನೆಯಲ್ಲಿ ಬೇಜಾರು ಮಾಡಿಕೊಂಡರೆ ಈ ಲೆಕ್ಕ ತೋರಿಸಿ.

ತುಂಗಾತೀರ
ಇದು ನನಗೆ ಹೊಳೆದಿರಲಿಲ್ಲ. ಸರಿ, ವರ್ಷದ ಮಾತು ಬಿಟ್ಟೆ. ದುಡ್ಡಿನ ಮಾತು ಇನ್ನೂ ಇದೆ. ಐಎಸ್‌ಐ ಫೀಸ್ ಎಷ್ಟು?

ಲೆಕ್ಕದ_ಮೇಷ್ಟ್ರು
ಬೋಧನಾ ಶುಲ್ಕ ಇಲ್ಲ ಸರ್. ಬದಲಿಗೆ ಅವರೇ ತಿಂಗಳಿಗೆ 5,000 ರೂಪಾಯಿ ಸ್ಟೈಪೆಂಡ್ ಕೊಡುತ್ತಾರೆ. ಅಂಕ ಚೆನ್ನಾಗಿ ಉಳಿಸಿಕೊಂಡರೆ ಅದು ಮುಂದುವರಿಯುತ್ತೆ.

ತುಂಗಾತೀರ
ಓದೋಕೆ ಅವರೇ ದುಡ್ಡು ಕೊಡ್ತಾರಾ? ಇದನ್ನು ಪಿಯು ಕಾಲೇಜುಗಳಲ್ಲಿ ಯಾಕೆ ಹೇಳಲ್ಲ? ನಮಗೆಲ್ಲ ಗೊತ್ತಿರೋದು ಸಿಇಟಿ, ನೀಟ್, ಜೆಇಇ ಮೂರೇ.

ಲೆಕ್ಕದ_ಮೇಷ್ಟ್ರು
ನನ್ನ ಸಿಟ್ಟೂ ಅದೇ. ಸಿ. ಆರ್. ರಾವ್ ಹುಟ್ಟಿದ್ದು ಹೂವಿನಹಡಗಲಿಯಲ್ಲಿ, 1920ರಲ್ಲಿ. ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರು. ಬದುಕಿನ ದೊಡ್ಡ ಭಾಗ ಕೆಲಸ ಮಾಡಿದ್ದು ಐಎಸ್‌ಐಯಲ್ಲಿ. 2023ರಲ್ಲಿ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು, ಅದೇ ವರ್ಷ ತೀರಿಕೊಂಡರು. ಅವರು ಹುಟ್ಟಿದ ಊರಿನ ಸುತ್ತಮುತ್ತಲ ಮಕ್ಕಳಿಗೆ ಐಎಸ್‌ಐ ಹೆಸರೇ ಗೊತ್ತಿಲ್ಲ ಅಂದ್ರೆ ಎಷ್ಟು ನೋವಾಗುತ್ತೆ. ಆ ಸಂಸ್ಥೆಯ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲೇ ಇದೆ. ಅದರ ಮುಂದೆಯೇ ದಿನಾ ಬಸ್ಸಿನಲ್ಲಿ ಇಂಜಿನಿಯರಿಂಗ್ ಹುಡುಗರು ಓಡಾಡುತ್ತಾರೆ.

ಹೊಸಪೇಟೆ_ಬಸ್ಸು
ಹಡಗಲಿಯವರು ಅಂತ ನನಗೂ ಗೊತ್ತಿರಲಿಲ್ಲ. ನಮ್ಮ ಜಿಲ್ಲೆಯೇ!

ಬೆಂದಕಾಳೂರು
ಗಣಿತ ಓದಿ ಏನು ಮಾಡ್ತಾರೆ ಅಂತ ಕೇಳಿದ್ದಕ್ಕೆ ಒಂದು ಉತ್ತರ ಸಿಕ್ಕಿತು. ಇನ್ನೂ ಇವೆ. ಪಿಎಚ್‌ಡಿ, ವಿಮಾ ಕಂಪನಿಗಳಲ್ಲಿ ಅಪಾಯದ ಲೆಕ್ಕ ಹಾಕೋ ಆಕ್ಚುಯರಿ ಕೆಲಸ, ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್, ಡೇಟಾ ಕೆಲಸಗಳು. ಬಿಇ ಓದಿದವರೆಲ್ಲ ಸುಖವಾಗಿ ಇದ್ದಾರೆ ಅಂತಲೂ ಅಲ್ವಲ್ಲ.

ಬಿಳಿ_ಕೋಟು
ನಾನು ಬಿಇ ಬಿಟ್ಟು ನೀಟ್ ಬರೆದು ಮೆಡಿಕಲ್‌ಗೆ ಹೋದವಳು. ನನ್ನ ಅನುಭವದಲ್ಲಿ ಕಷ್ಟ ಆಗೋದು ಪರೀಕ್ಷೆಯಲ್ಲಿ ಅಲ್ಲ, ಫೆಬ್ರವರಿಯಿಂದ ಮೇ ತನಕದ ದಿನಗಳಲ್ಲಿ. ಬೆಳಗ್ಗೆ ಕ್ಲಾಸು, ಮಧ್ಯಾಹ್ನ ಲ್ಯಾಬು, ರಾತ್ರಿ ರೆಕಾರ್ಡ್ ಬರೆಯೋದು, ಅದಾದ ಮೇಲೆ ನಮ್ಮ ಓದು. ಹಾಸ್ಟೆಲ್ ರೂಮಿನಲ್ಲಿ ಎಲ್ಲರೂ ಮಲಗಿದ ಮೇಲೆ ಕಾರಿಡಾರ್ ಲೈಟ್ ಕೆಳಗೆ ಕೂರ್ತಿದ್ದೆ. ಆಗ ಕ್ಲಾಸಿಗೆ ಹೋಗೋದನ್ನೇ ಬಿಟ್ಟುಬಿಡೋಣ ಅನ್ನಿಸುತ್ತೆ. ಬಿಡಬೇಡಿ. ವಿಟಿಯುನಲ್ಲಿ ಹಾಜರಾತಿ 85% ಬೇಕು. ಕಡಿಮೆ ಆದರೆ ಪರೀಕ್ಷೆಗೆ ಕೂರಿಸಲ್ಲ. ಆಮೇಲೆ ಆ ಕಡೆ ಸೀಟೂ ಇಲ್ಲ, ಈ ಕಡೆ ಸೆಮ್ಮೂ ಇಲ್ಲ.

ಶಿಗ್ಗಾವಿ_ಹುಡುಗಿ
ಅಕ್ಕ, ಎರಡನೇ ಸೆಮ್ ಪರೀಕ್ಷೆಗೂ ಕೂತಿದ್ರಾ? ಐಎಸ್‌ಐ ಫಲಿತಾಂಶ ಬರೋ ಹೊತ್ತಿಗೆ ನಮಗೂ ಸೆಮ್ ಪರೀಕ್ಷೆ ಬರುತ್ತೆ.

ಬಿಳಿ_ಕೋಟು
ಕೂತಿದ್ದೆ, ಪಾಸೂ ಆದೆ. ಅದರಿಂದಲೇ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಬಂತು. ಫೇಲಾಗಿ ಬಿಡ್ತಿದ್ದಾಳೆ ಅನ್ನೋಕೆ ಯಾರಿಗೂ ಅವಕಾಶ ಸಿಗಲಿಲ್ಲ. ಇನ್ನೊಂದು ವಿಷಯ ಪುಟ್ಟಿ, ಅಪ್ಪನಿಗೆ ಈಗಲೇ ಹೇಳು. ಸೀಟ್ ಸಿಕ್ಕ ಮೇಲೆ ಹೇಳಿದರೆ ಅವರಿಗೆ ಒಂದೇ ವಾರದಲ್ಲಿ ತೀರ್ಮಾನ ಮಾಡಬೇಕಾಗುತ್ತೆ. ಜನವರಿಯಲ್ಲಿ ಹೇಳಿದರೆ ಬೈಯೋಕೂ ಟೈಮ್ ಇರುತ್ತೆ, ಆಮೇಲೆ ಯೋಚನೆ ಮಾಡೋಕೂ ಟೈಮ್ ಇರುತ್ತೆ.

ಗುಡ್ಡದ_ಮನೆ
ನಾನು ಒಪ್ಪಲ್ಲ. ಪರೀಕ್ಷೆ ಮುಗಿಯೋ ತನಕ ಹೇಳಬೇಡ. ಈಗ ಹೇಳಿದರೆ ದಿನಾ ಫೋನ್, ದಿನಾ ಜಗಳ. ನಮ್ಮ ತಂಗಿಗೆ ಆಗಿದ್ದು ಅದೇ. ಮನಸ್ಸು ಕೆಟ್ಟರೆ ಓದು ಎಲ್ಲಿ ಸಾಗುತ್ತೆ?

ಬಿಳಿ_ಕೋಟು
ಮನೆ ಮನೆಗೂ ಬೇರೆ. ಆದರೆ ಇಲ್ಲಿ ಸಾಲ ಇದೆ. ಸಾಲಕ್ಕೆ ಸಹಿ ಮಾಡಿದವರಿಗೆ ಗೊತ್ತಿರಬೇಕು ಅಂತ ನನ್ನ ಅಭಿಪ್ರಾಯ.

ತುಂಗಾತೀರ
ತಂದೆಯಾಗಿ ಹೇಳ್ತೀನಿ, ಮಗಳು ಬಂದು ನೇರವಾಗಿ ಹೇಳಿದರೆ ಎರಡು ದಿನ ಮಾತು ಬಿಟ್ಟೇನು. ಪಕ್ಕದ ಮನೆಯವರಿಂದ ಗೊತ್ತಾದರೆ ವರ್ಷಗಟ್ಟಲೆ ಮರೆಯಲ್ಲ.

ಬ್ಯಾಂಕ್_ಕೌಂಟರ್
ಸಾಲದ ಬಗ್ಗೆ ಯಾರೂ ವಿವರ ಕೊಟ್ಟಿಲ್ಲ. ಶಿಕ್ಷಣ ಸಾಲ ಮಂಜೂರಾಗೋದು ಒಂದು ಕೋರ್ಸ್, ಒಂದು ಕಾಲೇಜಿನ ಹೆಸರಿಗೆ. ಕೋರ್ಸ್ ಬಿಟ್ಟರೆ ತಾನಾಗಿ ಹೊಸ ಕಾಲೇಜಿಗೆ ವರ್ಗ ಆಗಲ್ಲ. ಇದುವರೆಗೆ ಬಿಡುಗಡೆಯಾದ ಕಂತು, ಅದರ ಬಡ್ಡಿ ನಿಮ್ಮ ಮೇಲೇ ಇರುತ್ತೆ. ಎರಡನೇ ವರ್ಷದ ಕಂತು ಬಿಡುಗಡೆ ಆಗೋ ಮೊದಲೇ ಶಾಖೆಗೆ ಲಿಖಿತವಾಗಿ ತಿಳಿಸಿ, ಕಂತು ನಿಲ್ಲಿಸಿ. ಅದು ಆಗಿಬಿಟ್ಟರೆ ಕಾಲೇಜಿನಿಂದ ದುಡ್ಡು ವಾಪಸ್ ತರೋದು ಬಲು ಕಷ್ಟ. ಹೊಸ ಪ್ರವೇಶ ಪತ್ರ ಬಂದ ಮೇಲೆ ಮ್ಯಾನೇಜರ್ ಹತ್ತಿರ ಹೋದರೆ ಹೊಸ ಕೋರ್ಸ್‌ಗೆ ಮರುಮಂಜೂರಾತಿ ಕೇಳಬಹುದು. ಮುಚ್ಚಿಟ್ಟರೆ ಅಪ್ಪನ ಸಿಬಿಲ್ ಸ್ಕೋರ್‌ಗೆ (ಸಾಲ ತೀರಿಸಿದ ದಾಖಲೆಗೆ) ಪೆಟ್ಟು. ನಾಳೆ ಬೆಳೆ ಸಾಲಕ್ಕೂ ತೊಂದರೆ.

ಹೊಸಪೇಟೆ_ಬಸ್ಸು
ವಿದ್ಯಾರ್ಥಿವೇತನವನ್ನೂ ನೋಡಿಕೊಳ್ಳಿ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಬಿಇ ಮೊದಲ ವರ್ಷಕ್ಕೆ ತಗೊಂಡು, ಮುಂದಿನ ವರ್ಷ ಇನ್ನೊಂದು ಡಿಗ್ರಿಯ ಮೊದಲ ವರ್ಷಕ್ಕೆ ಅರ್ಜಿ ಹಾಕಿದರೆ ತಕರಾರು ಬರಬಹುದು. ಮೊದಲೇ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ.

ಕೋಡು_ಬಳೆ
ಎರಡೂ ಯಾಕೆ ಮಾಡಬಾರದು? 2022ರಲ್ಲಿ ಯುಜಿಸಿ ಒಟ್ಟಿಗೆ ಎರಡು ಡಿಗ್ರಿ ಮಾಡಬಹುದು ಅಂತ ಹೇಳಿದೆಯಲ್ಲ. ಬಿಇ ಜೊತೆಗೆ ಇಗ್ನೊದಲ್ಲಿ ಬಿಎಸ್ಸಿ ಗಣಿತ ಮಾಡಿ. ಐಐಟಿ ಮದ್ರಾಸ್‌ನ ಆನ್‌ಲೈನ್ ಬಿಎಸ್ ಡೇಟಾ ಸೈನ್ಸ್ ಕೂಡ ಇದೆ, ಅದಕ್ಕೆ ಜೆಇಇ ಬೇಕಾಗಿಲ್ಲ, ಅವರದೇ ಅರ್ಹತಾ ಸುತ್ತು ಪಾಸಾದರೆ ಸಾಕು. ಸೀಟು ಬಿಡೋ ಪ್ರಶ್ನೆಯೇ ಇಲ್ಲ.

ಲೆಕ್ಕದ_ಮೇಷ್ಟ್ರು
ಸೀಟು ಸಿಗದಿದ್ದರೆ ಇದು ಒಳ್ಳೆಯ ದಾರಿ. ಇಗ್ನೊ ಪದವಿ ಇಟ್ಟುಕೊಂಡು ಗಣಿತ ಎಂಎಸ್ಸಿಗೆ ಹೋಗಬಹುದು, ನಾನು ಮೇಲೆ ಹೇಳಿದ ಬಾಗಿಲಿನ ತೊಂದರೆ ಅಲ್ಲಿಗೆ ತೀರುತ್ತೆ. ಆದರೆ ಬಿ.ಮ್ಯಾಥ್‌ಗೆ ಅದು ಸಮ ಅಲ್ಲ. ಗಣಿತವನ್ನು ಬೋರ್ಡಿನ ಮುಂದೆ ನಿಂತು, ಜೊತೆಯವರ ಜೊತೆ ವಾದ ಮಾಡಿ ಕಲಿಯಬೇಕು.

ಬಿಳಿ_ಕೋಟು
ಬಿಇ ಜೊತೆಗೆ ಇನ್ನೊಂದು ಡಿಗ್ರಿ ಅಂದ್ರೆ ಹುಡುಗಿ ನಿದ್ದೆ ಮಾಡೋದು ಯಾವಾಗ?

ಶಿಗ್ಗಾವಿ_ಹುಡುಗಿ
ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ಪಾಸಾಗಿ ಆಮೇಲೆ ಏನಾದರೂ ಮಾಡು" ಅಂದರು. ಎರಡನೇ ಕಂತಿನ ಬಗ್ಗೆ ಬ್ಯಾಂಕಿನಲ್ಲಿ ಕೇಳ್ತೀನಿ ಅಂದರು. ಅವ್ವ ಮಾತ್ರ ಇನ್ನೂ ಮಾತಾಡ್ತಿಲ್ಲ. ಅರ್ಜಿ ತುಂಬೋಕೆ ಕೂತೆ, ಈಗ ಹೊಸ ತಲೆನೋವು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ನನ್ನ ಹೆಸರಿನ ಜೊತೆ ಇನಿಶಿಯಲ್ ಮಾತ್ರ ಇದೆ. ಆಧಾರ್‌ನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಎರಡೂ ಪೂರ್ತಿ ಇವೆ. ಯಾವುದನ್ನು ಹಾಕಲಿ?

ಕಚೇರಿ_ಕಡತ
ಎಲ್ಲಾ ಅರ್ಜಿಯಲ್ಲೂ ಎಸ್‌ಎಸ್‌ಎಲ್‌ಸಿಯಲ್ಲಿ ಇದ್ದ ಹಾಗೇ ಹಾಕಿ, ಇನಿಶಿಯಲ್ ಹಿಂದೆ ಇದ್ದರೆ ಹಿಂದೆ, ಮುಂದೆ ಇದ್ದರೆ ಮುಂದೆ. ಆಧಾರ್ ಹೆಸರನ್ನು ಅದಕ್ಕೆ ಹೊಂದಿಸೋಕೆ ಈ ವಾರವೇ ಆಧಾರ್ ಕೇಂದ್ರಕ್ಕೆ ಹೋಗಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತಗೊಂಡು ಹೋಗಿ. ಅದು ಕಾಲೇಜಿನಲ್ಲಿ ಇದೆ ಅಲ್ವಾ? ಒಂದು ದಿನದ ಮಟ್ಟಿಗೆ ಬೇಕು ಅಂತ ಅರ್ಜಿ ಕೊಟ್ಟರೆ ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಂಡು ಕೊಡ್ತಾರೆ. ಕಾರಣ "ಆಧಾರ್ ತಿದ್ದುಪಡಿ" ಅಂತ ಬರೆಯಿರಿ, ಅದು ನಿಜವೇ. ಹೊರಗೆ ತಂದಾಗ ಎಲ್ಲ ಪುಟಗಳನ್ನೂ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿಟ್ಟುಕೊಳ್ಳಿ.

ಶಿಗ್ಗಾವಿ_ಹುಡುಗಿ
ಸೋಮವಾರ ಆಫೀಸಿಗೆ ಹೋಗ್ತೀನಿ ಸರ್. ಮೇಷ್ಟ್ರೇ, ಇನ್ನೊಂದು ಲೆಕ್ಕ ಕೊಡಿ, ಈ ಸಲ ಸ್ವಲ್ಪ ಕಷ್ಟದ್ದು.